ಟಿಕೆಟ್ ಇಲ್ಲದವರ ಪಟ್ಟಿ

ಜುಲೈ 28, 2014, ಸೋಮವಾರ

ಪೇಪರಿನ ಒಳಪುಟದಲ್ಲಿ ಸುದ್ದಿ: ಲೈಬೀರಿಯಾದ ಮನ್ರೋವಿಯಾದಲ್ಲಿ ಇಬ್ಬರು ಅಮೆರಿಕನ್ ಮಿಷನರಿಗಳಿಗೆ ಎಬೋಲಾ. ಒಬ್ಬರು ಕೆಂಟ್ ಬ್ರಾಂಟ್ಲಿ, ಡಾಕ್ಟರು, ಸಮಾರಿಟನ್ಸ್ ಪರ್ಸ್ ಸಂಸ್ಥೆಯವರು. ಇನ್ನೊಬ್ಬರು ನ್ಯಾನ್ಸಿ ರೈಟ್‌ಬೋಲ್, ಎಸ್‌ಐಎಂ ಮಿಷನ್ನಿನವರು. ವಾರ್ಡಿಗೆ ಹೋಗಿಬರುವವರ ಸೂಟಿಗೆ ಕ್ಲೋರಿನ್ ಸಿಂಪಡಿಸುವುದು ಆಕೆಯ ಕೆಲಸವಂತೆ. ಇಬ್ಬರೂ ಎಲ್ವಾ ಆಸ್ಪತ್ರೆಯ ಒಂದೇ ಕಾಂಪೌಂಡಿನವರು.

ತಿಂಡಿ ಮುಗಿಯುವ ಮೊದಲೇ ಮಿಷನ್ ಸಮಿತಿಯ ಕಾರ್ಯದರ್ಶಿಗಳ ಫೋನ್. "ಡಾಕ್ಟ್ರಮ್ಮ, ನಮ್ಮ ಹುಡುಗರಿಗೊಂದು ಪ್ಲಾನ್ ಬರೆದುಕೊಡಬೇಕಲ್ಲ. ಒಂದೆರಡು ಪುಟ ಇದ್ದರೆ ಸಾಕು." ನಮ್ಮ ಹುಡುಗರು ಅಂದರೆ ಸಿಯೆರಾ ಲಿಯೋನಿನಲ್ಲಿ, ಬೋ ಪಟ್ಟಣದ ಹೊರಗೆ, ಒಂದು ಶಾಲೆ ಮತ್ತು ಸಣ್ಣ ಕ್ಲಿನಿಕ್ ನಡೆಸುವ ಐವರು. ಹುಡುಗರೆಂದು ಕರೆಯುವುದು ಸಮಿತಿಯ ರೂಢಿ. ಅವರಲ್ಲಿ ಹಿರಿಯರಿಗೆ ಅರವತ್ತರ ಹತ್ತಿರ, ಸಕ್ಕರೆ ಕಾಯಿಲೆ ಬೇರೆ. ಶಾಲೆಯ ಮೇಷ್ಟ್ರು, ಅವರ ಬಸುರಿ ಹೆಂಡತಿ, ಬೀದರಿನ ನರ್ಸ್, ಹಾವೇರಿ ಕಡೆಯ ಬಿಎಸ್‌ಸಿ ಅಗ್ರಿ ಹುಡುಗ. ಇಷ್ಟು ಜನ.

ಈಗಿರುವ ಪ್ಲಾನ್ ಕಳಿಸಿ ಎಂದೆ. ಮಧ್ಯಾಹ್ನ ಬಂತು. ಹಂದಿಜ್ವರದ ವರ್ಷ ಬರೆದದ್ದು, ಒಂದೇ ವಾಕ್ಯ: ಸೋಂಕು ಕಂಡುಬಂದಲ್ಲಿ ತಂಡವನ್ನು ಕೂಡಲೇ ಸ್ವದೇಶಕ್ಕೆ ಕರೆಸಿಕೊಳ್ಳತಕ್ಕದ್ದು. ಸೋಂಕು ಎಲ್ಲಿ ಕಂಡುಬಂದಲ್ಲಿ? ದೇಶದಲ್ಲೋ, ಜಿಲ್ಲೆಯಲ್ಲೋ, ಅಡುಗೆಮನೆಯಲ್ಲೋ? ಕರೆಸಿಕೊಳ್ಳುವವರು ಯಾರು? ಮೈಯಲ್ಲಿ ಜ್ವರವಿದ್ದರೆ ವಿಮಾನ ಹತ್ತಿಸುವವರು ಯಾರು? ಸರ್ಕಾರಿ ಸುತ್ತೋಲೆಯ ಕನ್ನಡದಲ್ಲಿ ಎಲ್ಲವೂ ತಾನಾಗಿಯೇ ನಡೆದುಬಿಡುತ್ತದೆ.

ಜುಲೈ 31, ಗುರುವಾರ

ಸಿಯೆರಾ ಲಿಯೋನಿನ ಕೆನೆಮಾದ ಡಾ. ಶೇಖ್ ಉಮರ್ ಖಾನ್ ಮೊನ್ನೆ ಎಬೋಲಾದಿಂದ ತೀರಿಕೊಂಡರು. ಲಾಸ್ಸಾ ಜ್ವರದ ವಾರ್ಡ್ ನಡೆಸುತ್ತಿದ್ದವರು. ರಕ್ತಸ್ರಾವದ ಜ್ವರಗಳ ವಿಚಾರದಲ್ಲಿ ಆ ದೇಶದಲ್ಲಿ ಅವರಷ್ಟು ತಿಳಿದವರಿರಲಿಲ್ಲ. ಅವರನ್ನೇ ಬಿಡಲಿಲ್ಲ ಎಂದಮೇಲೆ ನಮ್ಮ ಕ್ಲಿನಿಕ್ಕಿನ ಗತಿ ಏನು? ಬೋದಿಂದ ಕೆನೆಮಾ ಎರಡು ಗಂಟೆಯ ದಾರಿಯೂ ಅಲ್ಲ. ಅಧ್ಯಕ್ಷ ಕೊರೋಮಾ ನಿನ್ನೆ ತುರ್ತು ಪರಿಸ್ಥಿತಿ ಸಾರಿದ್ದಾರೆ.

ರಾತ್ರಿ ಸ್ಕೈಪ್‌ನಲ್ಲಿ ತಂಡ ಸಿಕ್ಕಿತು. ಅಲ್ಲಿ ಮಳೆಗಾಲ, ತಗಡಿನ ಮಾಡಿನ ಸದ್ದಿಗೆ ಅರ್ಧ ಮಾತು ಕೇಳಿಸಲಿಲ್ಲ. ಮೊದಲು ಕೇಳಿದ್ದು: ಮಲೇರಿಯಾ ಮಾತ್ರೆ ಯಾರ್ಯಾರು ತಪ್ಪದೆ ನುಂಗುತ್ತಿದ್ದೀರಿ?

ಮೌನ. ಆಮೇಲೆ ಮೇಷ್ಟ್ರು, "ಡಾಕ್ಟ್ರೇ, ಎಬೋಲಾ ಬಗ್ಗೆ ಹೇಳ್ತೀರಿ ಅಂತ ಕೂತಿದ್ದೀವಿ."

ಇದೇ ಎಬೋಲಾ ಬಗ್ಗೆ ಎಂದೆ. ಮೊದಲ ಮೂರು ದಿನ ಎರಡೂ ಒಂದೇ ಥರ: ಜ್ವರ, ತಲೆನೋವು, ಮೈಕೈ ನೋವು, ವಾಂತಿ. ಸೊಳ್ಳೆ ಕಚ್ಚಿ ಬಂದ ಜ್ವರವಾದರೂ ಈಗ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ, ಶಂಕಿತರ ವಾರ್ಡಿಗೆ ಕಳಿಸುತ್ತಾರೆ. ಅಲ್ಲಿ ಪಕ್ಕದ ಹಾಸಿಗೆಯವನಿಗೆ ನಿಜವಾದದ್ದೇ ಇರಬಹುದು. ಆದ್ದರಿಂದ ನಮ್ಮ ಎಬೋಲಾ ಯೋಜನೆಯ ಮೊದಲ ಕಲಮು ಸೊಳ್ಳೆ ಪರದೆ, ಎರಡನೆಯದು ಮಾತ್ರೆ. ಮೂರನೆಯದು ಬೈಕ್. ಒಕಾಡಾ ಎಂಬ ಬಾಡಿಗೆ ಬೈಕಿನ ಹಿಂದೆ ಕೂತು ಬೋ ಪೇಟೆಗೆ ಹೋಗುವುದು ಇಂದಿನಿಂದ ಬಂದ್. ಕಾಲು ಮುರಿದರೆ ಕಟ್ಟುವವರು ಯಾರೂ ಇರುವುದಿಲ್ಲ.

ಹಾವೇರಿ ಹುಡುಗನಿಗೆ ಇದು ಸಪ್ಪೆ ಅನ್ನಿಸಿತು. ಮುಖದಲ್ಲೇ ಕಾಣುತ್ತಿತ್ತು. ಅವನು ಬಿಳಿ ಸೂಟು, ಕನ್ನಡಕದ ಚಿತ್ರ ನೋಡಿದ್ದಾನೆ.

ಆಗಸ್ಟ್ 3, ಭಾನುವಾರ

ಆರಾಧನೆಯಲ್ಲಿ ಅಯ್ಯನವರು ತಂಡಕ್ಕಾಗಿ ವಿಶೇಷ ಪ್ರಾರ್ಥನೆ ಮಾಡಿಸಿದರು. 91ನೇ ಕೀರ್ತನೆ ಓದಿದರು. ಮರಣಕರ ವ್ಯಾಧಿಯ ಮಾತು ಬರುವ ಕಡೆ ಧ್ವನಿ ಏರಿಸಿದರು. ಹೊರಗೆ ಬಂದಾಗ ಹಿರಿಯರೊಬ್ಬರು ಹಿಡಿದುಕೊಂಡರು: "ಪ್ಲಾನು ಗೀನು ಎಲ್ಲ ಸರಿ ಅಮ್ಮಾ, ಆದರೆ ಕರೆದ ದೇವರು ಕಾಯುವುದಿಲ್ಲವೇ?"

ಕಾಯುತ್ತಾನೆ. ನನಗೂ ಅದೇ ನಂಬಿಕೆ. ಆದರೆ ಈ ಮಾತನ್ನು ಬೆಂಗಳೂರಿನ ಚರ್ಚ್ ಅಂಗಳದಲ್ಲಿ ನಿಂತು ಬೋದಲ್ಲಿರುವವರ ಪರವಾಗಿ ಹೇಳುವುದು ಅಷ್ಟು ಸಲೀಸಾಗಿರಬಾರದು. ತಂಡದವರು ತಮಗಾಗಿ ಹೇಳಿಕೊಂಡರೆ ಅದು ವಿಶ್ವಾಸ. ಸಮಿತಿ ಅವರ ಬದಲಿಗೆ ಹೇಳಿದರೆ ಕೈ ತೊಳೆದುಕೊಂಡ ಹಾಗೆ.

ಬ್ರಾಂಟ್ಲಿಯವರ ವಿಮಾನ ನಿನ್ನೆ ಅಟ್ಲಾಂಟಾದಲ್ಲಿ ಇಳಿದಿದೆ. ಎಮೊರಿ ಆಸ್ಪತ್ರೆಯ ಬಾಗಿಲಲ್ಲಿ ಆಂಬುಲೆನ್ಸಿನಿಂದ ತಾವೇ ಇಳಿದು ನಡೆದು ಹೋಗುವುದನ್ನು ಟೀವಿಯಲ್ಲಿ ಮತ್ತೆ ಮತ್ತೆ ತೋರಿಸುತ್ತಿದ್ದಾರೆ. ಅವರ ಹೆಂಡತಿ ಮಕ್ಕಳು ಊರಿನ ಮದುವೆಗೆಂದು ಅವರಿಗೆ ಜ್ವರ ಬರುವ ಕೆಲವೇ ದಿನ ಮುಂಚೆ ಹೊರಟಿದ್ದರಂತೆ. ಆ ಮನೆಯಲ್ಲಿ ಸಣ್ಣ ಮಕ್ಕಳು ಉಳಿದದ್ದು ಯಾರ ಪ್ಲಾನಿನಿಂದಲೂ ಅಲ್ಲ, ಒಂದು ಮದುವೆಯ ಮುಹೂರ್ತದಿಂದ.

ಆಗಸ್ಟ್ 9, ಶನಿವಾರ

ವಿಶ್ವ ಆರೋಗ್ಯ ಸಂಸ್ಥೆ ನಿನ್ನೆ ಅಂತರರಾಷ್ಟ್ರೀಯ ತುರ್ತುಸ್ಥಿತಿ ಘೋಷಿಸಿತು. ಇವತ್ತು ಸಮಿತಿ ಸಭೆ. ಚಹಾ, ಖಾರಾ ಬಿಸ್ಕತ್ತು, ಮೇಜಿನ ತುಂಬ ಕಾಗದ.

ವಿಮಾ ಕಂಪನಿಯ ಪತ್ರ ಓದಿದರು. ತಂಡಕ್ಕೆ ಪ್ರತಿ ವರ್ಷ ತಪ್ಪದೆ ಕಂತು ಕಟ್ಟಿದ್ದೇವೆ, ಏರ್ ಆಂಬುಲೆನ್ಸ್ ಸೇರಿ. ಈಗ ಅವರು ಬರೆದಿದ್ದಾರೆ: ಎಬೋಲಾ ರೋಗಿಯನ್ನು, ಶಂಕಿತರನ್ನು ಸಹ, ಸಾಗಿಸುವ ವ್ಯವಸ್ಥೆ ನಮ್ಮಲ್ಲಿಲ್ಲ. ಖಜಾಂಚಿಗಳಿಗೆ ಸಿಟ್ಟು ಬಂತು. ಸಿಟ್ಟು ನ್ಯಾಯವೇ, ಆದರೆ ಅವರ ಮಾತೂ ಸುಳ್ಳಲ್ಲ. ಅಂಥ ರೋಗಿಯನ್ನು ಒಯ್ಯುವುದಕ್ಕೆ ವಿಮಾನದೊಳಗೆ ಪ್ಲಾಸ್ಟಿಕ್ ಗುಡಾರ ಕಟ್ಟಿಕೊಂಡಿರುವುದು ಅಮೆರಿಕದ ಜಾರ್ಜಿಯಾದ ಫೀನಿಕ್ಸ್ ಏರ್. ಒಂದು ಸಲಕ್ಕೆ ಒಬ್ಬರೇ ರೋಗಿ. ಬ್ರಾಂಟ್ಲಿ, ರೈಟ್‌ಬೋಲ್ ಇಬ್ಬರನ್ನೂ ಒಟ್ಟಿಗೆ ತರಲಾಗದೆ ಎರಡು ಸುತ್ತು ಹಾಕಿದ್ದು ಅದಕ್ಕೇ. ನಮ್ಮ ಕರೆಗೆ ಅದು ಬರುವುದಿಲ್ಲ.

ಅದಾದಮೇಲೆ ಮಾಮೂಲಿ ವಿಮಾನಗಳು. ಆಸ್ಕಿ, ಅರಿಕ್ ನಿಲ್ಲಿಸಿವೆ. ಬ್ರಿಟಿಷ್ ಏರ್‌ವೇಸ್ ಈ ವಾರ ಫ್ರೀಟೌನ್, ಮನ್ರೋವಿಯಾ ಎರಡನ್ನೂ ಕೈಬಿಟ್ಟಿತು. ಬ್ರಸೆಲ್ಸ್ ಏರ್‌ಲೈನ್ಸ್ ಇನ್ನೂ ಹಾರುತ್ತಿದೆ. ನಮ್ಮ ಸರ್ಕಾರದ ಲೆಕ್ಕದಂತೆ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಮೂರರಲ್ಲೂ ಸೇರಿ ಭಾರತೀಯರು 4,700ರಷ್ಟು. ಫ್ರೀಟೌನಿನಲ್ಲಿ ನಮ್ಮ ರಾಯಭಾರ ಕಚೇರಿಯಿಲ್ಲ, ಅದರ ಹೊಣೆ ಘಾನಾದ ಅಕ್ರಾದಲ್ಲಿರುವ ಹೈಕಮಿಷನ್ನಿನದು.

"ಹಾಗಾದರೆ ಎಷ್ಟು ಕೇಸಾದರೆ ಕರೆಸಬೇಕು? ಒಂದು ಸಂಖ್ಯೆ ಹೇಳಿ," ಎಂದರು ಅಧ್ಯಕ್ಷರು.

ಸಂಖ್ಯೆ ಹೇಳಲು ಒಪ್ಪಲಿಲ್ಲ. ಕೇಸಿನ ಸಂಖ್ಯೆ ಪತ್ರಿಕೆಗೆ ಬರುವ ಹೊತ್ತಿಗೆ ಹಳೆಯದಾಗಿರುತ್ತದೆ; ಎಣಿಸುವವರು ಇಲ್ಲದ ಜಿಲ್ಲೆಯಲ್ಲಿ ಅದು ಸೊನ್ನೆ ಎಂದೇ ತೋರುತ್ತದೆ. ನಾನು ಕೊಟ್ಟ ಗುರುತು ಬೇರೆ. ಬೋ ಪಟ್ಟಣದ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಸಿಸೇರಿಯನ್ ಮಾಡುವವರಿದ್ದಾರೆಯೇ? ಇದ್ದರೆ ಊರು ಇನ್ನೂ ನಡೆಯುತ್ತಿದೆ. ಇಲ್ಲವಾದ ದಿನ ಅಪೆಂಡಿಕ್ಸ್ ಬಂದರೂ ಸಾವು, ಹೆರಿಗೆ ಕಷ್ಟವಾದರೂ ಸಾವು. ಎಬೋಲಾ ಬರಬೇಕೆಂದೇ ಇಲ್ಲ. ಇದನ್ನು ಬೀದರಿನ ನರ್ಸ್ ಪ್ರತಿ ಸೋಮವಾರ ಫೋನ್ ಮಾಡಿ ಕೇಳಿ ತಿಳಿಸಬೇಕು. ಇಲ್ಲ ಅಂದ ದಿನ, ಉಳಿಯಲೇಬೇಕಾದವರನ್ನು ಬಿಟ್ಟು ಮಿಕ್ಕವರು ಮುಂದಿನ ವಿಮಾನಕ್ಕೆ. ಬಸುರಿ ಅದಕ್ಕೂ ಕಾಯುವಂತಿಲ್ಲ. 1995ರಲ್ಲಿ ಕಾಂಗೋದ ಕಿಕ್ವಿಟ್‌ನಲ್ಲಿ ಎಬೋಲಾ ಸೋಂಕು ತಗಲಿದ 15 ಬಸುರಿಯರಲ್ಲಿ 14 ಮಂದಿ ಸತ್ತರು.

ಮೇಷ್ಟ್ರು ದಂಪತಿ, ಸಕ್ಕರೆ ಕಾಯಿಲೆಯ ಹಿರಿಯರು ಮೊದಲು ಬರಲಿ ಎಂದು ತೀರ್ಮಾನವಾಯಿತು. ತೀರ್ಮಾನಿಸುವವರು ಯಾರು ಎಂಬುದೂ ಆಯಿತು: ಕಾರ್ಯದರ್ಶಿ ಮತ್ತು ನಾನು, ಇಬ್ಬರೇ. ಸಭೆ ಕರೆಯಬೇಕಿಲ್ಲ. ಇದಕ್ಕೇ ಜಾಸ್ತಿ ಚರ್ಚೆ ನಡೆದದ್ದು.

ಆಗಸ್ಟ್ 13, ಬುಧವಾರ

ಸ್ಪೇನಿನ ಪಾದ್ರಿ ಮಿಗುಯೆಲ್ ಪಹಾರೆಸ್ ನಿನ್ನೆ ಮ್ಯಾಡ್ರಿಡ್‌ನಲ್ಲಿ ನಿಧನ. 75 ವರ್ಷ. ಮನ್ರೋವಿಯಾದ ಕ್ಯಾಥೊಲಿಕ್ ಆಸ್ಪತ್ರೆಯಲ್ಲಿ, ಅದರ ನಿರ್ದೇಶಕರಾಗಿದ್ದ ಕ್ಯಾಮರೂನಿನ ಬ್ರದರ್ ಪ್ಯಾಟ್ರಿಕ್ ಅವರ ಶುಶ್ರೂಷೆ ಮಾಡುತ್ತ ಸೋಂಕು ತಗಲಿಸಿಕೊಂಡಿದ್ದರು. ಸ್ಪೇನ್ ಸರ್ಕಾರ ಮಿಲಿಟರಿ ವಿಮಾನ ಕಳಿಸಿ ಅವರನ್ನೂ, ಜೊತೆಗೆ ಸಿಸ್ಟರ್ ಹುಲಿಯಾನಾ ಅವರನ್ನೂ ಕರೆತಂದಿತ್ತು. ಅದೇ ಆಸ್ಪತ್ರೆಯಲ್ಲಿ ಸೋಂಕಿತರಾಗಿ ಮಲಗಿದ್ದ ಇನ್ನಿಬ್ಬರು ಸಿಸ್ಟರುಗಳಿದ್ದರು: ಕಾಂಗೋದ ಶಾಂತಾಲ್, ಈಕ್ವಟೋರಿಯಲ್ ಗಿನಿಯ ಪಾಸಿಯೆನ್ಸಿಯಾ. ಅವರ ಸಂನ್ಯಾಸಿ ಸಭೆಯವರು ಈ ಇಬ್ಬರನ್ನೂ ಕರೆತನ್ನಿ ಎಂದು ಬೇಡಿದರು. ಸ್ಪೇನಿನ ಪ್ರಜೆಗಳಲ್ಲ ಎಂದು ಬಿಟ್ಟರು. ಸಿಸ್ಟರ್ ಶಾಂತಾಲ್ ಶನಿವಾರ ತೀರಿಕೊಂಡರು. ಘಾನಾದ ಬ್ರದರ್ ಜಾರ್ಜ್ ಮೊನ್ನೆ.

ಇನ್ನೊಂದು ಸುದ್ದಿಯೂ ಈಗ ಹೊರಬಿದ್ದಿದೆ. ಝೆಡ್‌ಮ್ಯಾಪ್ ಎಂಬ ಪ್ರಯೋಗದ ಔಷಧ, ಬ್ರಾಂಟ್ಲಿಯವರಿಗೆ ಕೊಟ್ಟದ್ದು, ಡಾ. ಖಾನ್ ಮಲಗಿದ್ದ ಕೈಲಾಹುನ್ ಶಿಬಿರದ ಫ್ರೀಜರಿನಲ್ಲೇ ಇತ್ತಂತೆ. ಪರೀಕ್ಷೆಯಾಗದ ಔಷಧ ಕೊಟ್ಟು ಹೆಚ್ಚುಕಡಿಮೆಯಾದರೆ ಜನ ಏನೆಂದಾರು ಎಂಬ ಅಂಜಿಕೆಯಿಂದ ವೈದ್ಯರು ಕೊಡಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಆ ರಾತ್ರಿ ಅಲ್ಲಿ ಕೂತು ನಿರ್ಧರಿಸುವುದು ಸುಲಭವಿರಲಿಲ್ಲ. ಆದರೂ ಸಾಲಾಗಿ ಬರೆದು ನೋಡಿದರೆ ಯಾರು ಹಾರಿದರು, ಯಾರು ಉಳಿದರು ಎಂಬುದು ಪಾಸ್‌ಪೋರ್ಟಿನ ಬಣ್ಣದ ಪ್ರಕಾರವೇ ಬೀಳುತ್ತದೆ.

ಸಂಜೆ ನಮ್ಮ ಕರಡನ್ನು ತೆಗೆದು ಓದಿದೆ. ಐವರ ಹೆಸರಿದೆ, ಪಾಸ್‌ಪೋರ್ಟ್ ನಂಬರ್ ಇದೆ, ರಕ್ತದ ಗುಂಪು ಇದೆ. ಕ್ಲಿನಿಕ್ಕಿನಲ್ಲಿ ನರ್ಸ್ ಜೊತೆ ಕೆಲಸ ಮಾಡುವ ಇಬ್ಬರು ಹೆಂಗಸರು, ಡ್ರೈವರು, ಅಡುಗೆಯಾಕೆ, ರಾತ್ರಿ ಕಾವಲುಗಾರ, ಶಾಲೆಯ ಏಳು ಜನ ಸ್ಥಳೀಯ ಮೇಷ್ಟ್ರುಗಳು. ಇವರಾರೂ ಅದರಲ್ಲಿಲ್ಲ. ಡ್ರೈವರಿಗೆ ಜ್ವರ ಬಂದರೆ ಅವನನ್ನು ಆಸ್ಪತ್ರೆಗೆ ಒಯ್ಯುವ ಗಾಡಿ ಓಡಿಸುವವರು ಯಾರು?

ಕಾರ್ಯದರ್ಶಿಗಳಿಗೆ ಬರೆದೆ: ಸಂಬಳದ ಪಟ್ಟಿ ಕಳಿಸಿ. ಯೋಜನೆ ಅದರಿಂದ ಶುರುವಾಗಲಿ.

ಆಗಸ್ಟ್ 17, ಭಾನುವಾರ

ಮಳೆ. ಚರ್ಚಿಗೆ ಹೋಗಲಿಲ್ಲ. ಅಪ್ಪನ ಕಪಾಟಿನ ಬಾಸೆಲ್ ಮಿಷನ್ ಪುಸ್ತಕಗಳನ್ನು ಕೆಳಗಿಳಿಸಿದೆ. ನಮ್ಮ ಮಂಗಳೂರಿನವರಿಗೆ ಬಾಸೆಲ್ ಮಿಷನ್ ಎಂದರೆ ಹೆಂಚಿನ ಕಾರ್ಖಾನೆ, ಬಲ್ಮಠದ ಅಚ್ಚುಕೂಟ, ಮೋಗ್ಲಿಂಗ್, ಕಿಟ್ಟೆಲ್. ಆ ಜನ ಮಂಗಳೂರಿಗೆ ಬಂದದ್ದು 1834ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಅದೇ ಮಿಷನ್ ಗೋಲ್ಡ್ ಕೋಸ್ಟಿಗೆ, ಇಂದಿನ ಘಾನಾಕ್ಕೆ, ನಾಲ್ವರನ್ನು ಕಳಿಸಿತ್ತು. 1828ರ ಡಿಸೆಂಬರಿನಲ್ಲಿ ಇಳಿದರು. ಮುಂದಿನ ವರ್ಷ ಮೂವರು ಜ್ವರದಿಂದ ಹೋದರು, ನಾಲ್ಕನೆಯವನು 1831ರಲ್ಲಿ. ಬಾಸೆಲ್‌ನಲ್ಲಿ ಕೂತವರಿಗೆ ಕೊನೆಗೂ ಹೊಳೆದದ್ದು ಒಬ್ಬ ಡಾಕ್ಟರನ್ನು ಕಳಿಸುವುದು: ಮುಂದಿನ ಮೂವರ ತಂಡದಲ್ಲಿ ಹೈನ್ಸೆ ಎಂಬ ವೈದ್ಯನೂ ಇದ್ದ. ಅವನೇ ಮೊದಲು ಸತ್ತ, ಇಳಿದ ಕೆಲವೇ ವಾರಗಳಲ್ಲಿ. ಉಳಿದವನು ಆಂಡ್ರಿಯಾಸ್ ರೀಸ್ ಒಬ್ಬನೇ, ಅವನನ್ನು ಉಳಿಸಿದ್ದು ಅಲ್ಲಿಯ ನಾಟಿವೈದ್ಯ.

ನಾಟಿವೈದ್ಯನ ಹೆಸರು ಪುಸ್ತಕದಲ್ಲಿಲ್ಲ.

ಮಧ್ಯಾಹ್ನವೆಲ್ಲ ಇದೇ ಗುಂಗು. 1969ರಲ್ಲಿ ನೈಜೀರಿಯಾದ ಲಾಸ್ಸಾ ಎಂಬ ಹಳ್ಳಿಯ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಲಾರಾ ವೈನ್‌ಗೆ ಗಂಟಲು ನೋವು, ಜ್ವರ. ಜೋಸ್ ಪಟ್ಟಣದ ಎಸ್‌ಐಎಂ ಆಸ್ಪತ್ರೆಗೆ ಒಯ್ದರು, ಅಲ್ಲಿ ಸತ್ತರು. ನೋಡಿಕೊಂಡ ನರ್ಸ್ ಷಾರ್ಲೆಟ್ ಶಾ ಸತ್ತರು. ಅವರನ್ನು ನೋಡಿಕೊಂಡ ಲಿಲಿ ಪಿನಿಯೊ ಅವರನ್ನು ಮಾಮೂಲಿ ಪ್ರಯಾಣಿಕರ ಪ್ಯಾನ್ ಆಮ್ ವಿಮಾನದಲ್ಲಿ ನ್ಯೂಯಾರ್ಕಿಗೆ ಸಾಗಿಸಿದರು. ಇಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಪಿನಿಯೊ ಬದುಕಿದರು. ಅವರ ರಕ್ತ ಪರೀಕ್ಷಿಸುತ್ತಿದ್ದ ಯೇಲ್‌ನ ವಿಜ್ಞಾನಿ ಜೋರ್ಡಿ ಕಸಾಲ್ಸ್‌ಗೂ ರೋಗ ತಗಲಿದಾಗ ಪಿನಿಯೊ ಅವರ ರಕ್ತದ ಪ್ಲಾಸ್ಮಾ ಕೊಟ್ಟು ಉಳಿಸಿದರು. ಮರುವರ್ಷ ಜೋಸ್‌ನಲ್ಲಿ ಡಾ. ಜೆನೆಟ್ ಟ್ರೂಪ್ ಶವಪರೀಕ್ಷೆ ಮಾಡುವಾಗ ಕೈ ಕುಯ್ದುಕೊಂಡು ಸತ್ತರು. ಪಿನಿಯೊ ಎಸ್‌ಐಎಂನವರು. ರೈಟ್‌ಬೋಲ್ ಕೂಡ ಅದೇ ಮಿಷನ್ನಿನವರು. ನಲವತ್ತೈದು ವರ್ಷ ಈ ಪಾಠ ಕಲಿತ ಸಂಸ್ಥೆಗೇ ಈ ಗತಿಯಾದರೆ, ಒಂದೆರಡು ಪುಟ ಸಾಕು ಎನ್ನುವ ನಾವು?

1976ರ ಯಾಂಬುಕು ಇನ್ನೂ ಕಠಿಣ. ಆಗ ಝೈರ್ ಎನ್ನುತ್ತಿದ್ದ ಕಾಂಗೋದ ಕಾಡಿನಲ್ಲಿ ಬೆಲ್ಜಿಯಂ ಸಿಸ್ಟರುಗಳ ಆಸ್ಪತ್ರೆ. ಪ್ರತಿ ಬೆಳಿಗ್ಗೆ ಐದು ಸಿರಿಂಜು ತೆಗೆದುಕೊಡುತ್ತಿದ್ದರು. ದಿನವಿಡೀ ಬಂದ ರೋಗಿಗಳಿಗೆಲ್ಲ ಅವೇ, ನಡುವೆ ಬಿಸಿನೀರಿನಲ್ಲಿ ಅದ್ದಿ. ಒಟ್ಟು 318 ಜನಕ್ಕೆ ರೋಗ, 280 ಸಾವು, ಸಿಸ್ಟರುಗಳಲ್ಲೇ ನಾಲ್ವರು. ವೈರಸ್ಸಿಗೆ ಹೆಸರೇ ಇರದಿದ್ದ ದಿನಗಳು. ಉಳಿದ ಸಿಸ್ಟರುಗಳು ತಮ್ಮ ಮನೆಯ ಸುತ್ತ ಹಗ್ಗ ಕಟ್ಟಿ, ದಾಟಿದರೆ ಸಾಯುತ್ತೀರಿ ಎಂದು ಬೋರ್ಡು ಹಾಕಿ ಒಳಗೆ ಕೂತಿದ್ದರಂತೆ, ತನಿಖೆಗೆ ಹೋದ ಪೀಟರ್ ಪಿಯೋ ಹೇಳಿದ್ದು. ಆಸ್ಪತ್ರೆ ಮುಚ್ಚಿದ ಮೇಲೆಯೇ ಹೊಸ ಕೇಸು ಇಳಿದದ್ದು. ಸೇವೆಯ ಕೈಯಿಂದಲೇ ರೋಗ ಊರೂರಿಗೆ ಹೋಗಿತ್ತು. ಬಡತನಕ್ಕೆ ಒಗ್ಗಿಕೊಂಡ ದೈವಭಕ್ತ ಮಿತವ್ಯಯ ಎಂಥದ್ದೆಂದು ಮಿಷನ್ ಆಸ್ಪತ್ರೆಯಲ್ಲಿ ಗ್ಲೌಸ್ ತೊಳೆದು ಪೌಡರ್ ಹಾಕಿ ಒಣಗಿಸಿದ ನನಗೆ ಗೊತ್ತು. ಆ ಸಿಸ್ಟರುಗಳನ್ನು ಮೂರ್ಖರೆಂದು ಕರೆಯಲು ನಾಲಿಗೆ ಏಳುವುದಿಲ್ಲ.

ಗ್ಲೌಸಿನ ಬಜೆಟ್ಟನ್ನು ದುಪ್ಪಟ್ಟು ಮಾಡಿದೆ.

ಆಗಸ್ಟ್ 29, ಶುಕ್ರವಾರ

ಮೂವರು ಬಂದಿಳಿದರು. ಜ್ವರವಿಲ್ಲ. 21 ದಿನ ಬೆಳಿಗ್ಗೆ ಸಂಜೆ ಟೆಂಪರೇಚರ್ ನೋಡಿ ಬರೆಯಬೇಕು. ಮೇಷ್ಟ್ರ ಬಾಡಿಗೆ ಮನೆಯ ಮಾಲೀಕರು ಬೀಗದ ಕೈ ಕೊಡಲಿಲ್ಲ. ಅದನ್ನು ನಿರೀಕ್ಷಿಸಿ ಸಮಿತಿಯ ಗೆಸ್ಟ್ ಹೌಸ್ ತೆರವು ಮಾಡಿಸಿಟ್ಟಿದ್ದೆವು.

ಸ್ತ್ರೀ ಸಂಘದವರು ಊಟ ಕಳಿಸುತ್ತಿದ್ದಾರೆ. ನಾಲ್ಕು ಅಂಕಣದ ಸ್ಟೀಲ್ ಡಬ್ಬಿ, ಸಾರು, ಪಲ್ಯ, ಚಪಾತಿ, ಬಸುರಿಗೆಂದು ಪ್ರತ್ಯೇಕ ಕೋಸಂಬರಿ. ಗೇಟಿನ ಕಂಬದ ಮೇಲಿಟ್ಟು, ಬೆಲ್ ಒತ್ತಿ, ಸ್ಕೂಟರ್ ಹತ್ತಿ ಮಾಯ. ಖಾಲಿ ಡಬ್ಬಿ ಕೊಡಲು ಹೋದರೆ "ಪರವಾಗಿಲ್ಲ, ನೀವೇ ಇಟ್ಕೊಳ್ಳಿ." ಮೇಷ್ಟ್ರ ಹೆಂಡತಿ ನಗುತ್ತ ತೋರಿಸಿದಳು: ಅಡುಗೆಮನೆ ಕಟ್ಟೆಯ ಮೇಲೆ ಡಬ್ಬಿಗಳ ಸಾಲು. "ಡಾಕ್ಟರ್ ಆಂಟಿ, ಇಪ್ಪತ್ತೊಂದು ದಿನ ಮುಗಿಯೋ ಹೊತ್ತಿಗೆ ಪಾತ್ರೆ ಅಂಗಡಿ ಇಡಬಹುದು."

ಸಂಘದ ಕಾರ್ಯದರ್ಶಿಣಿಗೆ ಫೋನ್ ಮಾಡಿ ಹೇಳಿದೆ. ಜ್ವರ ಶುರುವಾಗದವರಿಂದ ಈ ರೋಗ ಹರಡುವುದಿಲ್ಲ. ಶೀತದಂತೆ ಗಾಳಿಯಲ್ಲಿ ಬರುವುದಲ್ಲ. ರೋಗಿಯ ವಾಂತಿ, ಭೇದಿ, ರಕ್ತ, ಹೆಣ ಮುಟ್ಟಬೇಕು. ಎಲ್ಲ ಕೇಳಿಸಿಕೊಂಡು, "ಗೊತ್ತು ಡಾಕ್ಟ್ರೇ, ಆದ್ರೂ ನಮ್ಮ ಮನೆಯವರು ಒಪ್ಪಲ್ಲ," ಎಂದರು. ಊಟ ಮಾತ್ರ ಒಂದು ಹೊತ್ತೂ ತಪ್ಪಿಲ್ಲ. ಹೆದರಿಕೊಂಡೂ ಕಳಿಸುತ್ತಾರಲ್ಲ, ಅದು ಸಾಕು ನನಗೆ. ಇನ್ನು ಮುಂದೆ ಬಾಳೆಲೆ ಪೊಟ್ಟಣದಲ್ಲಿ ಕಳಿಸಿ ಎಂದೆ. ಒಪ್ಪಿದರು.

ಸೆಪ್ಟೆಂಬರ್ 5, ಶುಕ್ರವಾರ

ಎಲ್ವಾ ಆಸ್ಪತ್ರೆಯ ಮೂರನೆಯ ಅಮೆರಿಕನ್, ಡಾ. ರಿಕ್ ಸಾಕ್ರಾ, ಅವರಿಗೂ ಎಬೋಲಾ. ಅಮೆರಿಕದಲ್ಲಿದ್ದವರು ಸಹೋದ್ಯೋಗಿಗಳು ಬಿದ್ದರೆಂದು ಕೇಳಿ ತಾವಾಗಿ ಹೊರಟು ಹೋದವರು. ಎಬೋಲಾ ವಾರ್ಡಿಗೆ ಕಾಲಿಟ್ಟವರಲ್ಲ. ಹೆರಿಗೆ ಮಾಡಿಸುತ್ತಿದ್ದರು.

ನನಗೆ ಆಶ್ಚರ್ಯವಾಗಲಿಲ್ಲ. ಎಬೋಲಾ ವಾರ್ಡಿನಲ್ಲಿ ಎಲ್ಲರಿಗೂ ಎಚ್ಚರವಿರುತ್ತದೆ, ಸೂಟು ತೊಡುವಾಗ ಕಳಚುವಾಗ ಪಕ್ಕದಲ್ಲೊಬ್ಬರು ನಿಂತು ನೋಡುತ್ತಾರೆ. ಅಪಾಯವಿರುವುದು ಆಚೆ. ಕಿಕ್ವಿಟ್‌ನಲ್ಲೂ ಒಂದು ಹೊಟ್ಟೆ ಆಪರೇಷನ್ನಿನಿಂದ ಆಸ್ಪತ್ರೆಯೊಳಗೆ ಹಬ್ಬಿತು. ಆರೈಕೆ ಮಾಡಿದ ಬೆರ್ಗಾಮೊದ ಇಟಲಿ ಸಿಸ್ಟರುಗಳಲ್ಲಿ ಆರು ಜನ ಕೆಲವೇ ವಾರಗಳಲ್ಲಿ ಹೋದರು.

ರಾತ್ರಿ ಬೀದರಿನ ನರ್ಸ್ ಜೊತೆ ಮಾತು. ಇಡೀ ಹೊತ್ತು ಒಂದೇ ಪ್ರಶ್ನೆ: ಹೆರಿಗೆ ನಿಲ್ಲಿಸುವುದೋ ಬೇಡವೋ?

"ಮೇಡಂ, ನಾ ಬಾಗ್ಲಾ ಮುಚ್ಚಿದ್ರ ಆಕಿ ಎಲ್ಲಿ ಹೋಗ್ತಾಳ? ಹೊಲದಾಗ ಹಡೀತಾಳ."

ಒಬ್ಬಳೇ ಮುಟ್ಟಕೂಡದು, ಇಬ್ಬರಿರಬೇಕು. ಜೋಡಿ ಗ್ಲೌಸ್, ಮೊಳಕಾಲು ದಾಟುವ ಏಪ್ರನ್, ಕನ್ನಡಕ, ಗಂಬೂಟು. ಒಳಗೆ ಬರುವ ಮೊದಲು ಅಂಗಳದ ಮಾವಿನ ಮರದ ಕೆಳಗೆ, ಒಂದು ಮೀಟರ್ ದೂರದಿಂದ, ಪ್ರಶ್ನೆಗಳು: ಜ್ವರವೇ? ಮನೆಯಲ್ಲಿ ಯಾರಾದರೂ ಕಾಯಿಲೆಯೇ? ಯಾರದಾದರೂ ಮಣ್ಣಿಗೆ ಹೋಗಿದ್ದೆಯಾ? ಹೌದೆಂದರೆ ಅಲ್ಲಿಯ ಸಹಾಯವಾಣಿ 117ಕ್ಕೆ ಫೋನ್, ಅವರು ಬರುವವರೆಗೆ ಪ್ರತ್ಯೇಕ ಕೋಣೆ, ಬಾಗಿಲಲ್ಲಿ ಓಆರ್‌ಎಸ್. ಗರ್ಭಪಾತವಾಗಿ ರಕ್ತ ಹೋಗುತ್ತಿದ್ದರೆ, ಜ್ವರವಿಲ್ಲದಿದ್ದರೂ, ಎಬೋಲಾ ಎಂದೇ ಹಿಡಿಯಬೇಕು. ಇದೊಂದನ್ನು ಅವಳಿಂದ ಎರಡು ಸಲ ಹೇಳಿಸಿದೆ. ಸೂಜಿ ಚುಚ್ಚುವುದು ಪೂರ್ತಿ ಬಂದ್, ಮಲೇರಿಯಾಕ್ಕೂ ಮಾತ್ರೆಯೇ.

ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಕೈತೊಳೆಯುವ ಬಕೆಟ್ ತೋರಿಸಿದಳು. ಕೆಳಗೆ ನಲ್ಲಿ ಕೂರಿಸಿದ ಪ್ಲಾಸ್ಟಿಕ್ ಬಕೆಟ್ಟು, ಮರದ ಸ್ಟ್ಯಾಂಡಿನ ಮೇಲೆ, ಅಡಿಯಲ್ಲೊಂದು ಬೇಸಿನ್. ವೆರೋನಿಕಾ ಬಕೆಟ್ ಎನ್ನುತ್ತಾರೆ, ಘಾನಾದ ವೆರೋನಿಕಾ ಬೆಕೋಯೆ ಎಂಬ ಲ್ಯಾಬ್ ವಿಜ್ಞಾನಿ ಮಾಡಿದ್ದು. ಕ್ಲೋರಿನ್ ಪುಡಿ 70 ಪರ್ಸೆಂಟಿನದು. ಇಪ್ಪತ್ತು ಲೀಟರಿಗೆ 14 ಗ್ರಾಂ ಹಾಕಿದರೆ ಕೈಗೆ, 140 ಹಾಕಿದರೆ ನೆಲಕ್ಕೆ, ಬೂಟಿಗೆ. ತಕ್ಕಡಿ ಇಲ್ಲ. ಡ್ರೈವರು ಟೊಮ್ಯಾಟೊ ಪೇಸ್ಟಿನ ಪುಟ್ಟ ಡಬ್ಬಿಯೊಂದರಲ್ಲಿ, ಬೋ ಪೇಟೆಯ ಔಷಧಿ ಅಂಗಡಿಯಲ್ಲಿ ತೂಗಿಸಿ, ಮೊಳೆಯಿಂದ ಒಳಗಡೆ ಗೀರು ಎಳೆದಿದ್ದಾನೆ: ಕೆಳಗಿನ ಗೀರು ಕೈಗೆ. ನೆಲದ ಬಕೆಟ್ಟಿಗೆ ಕೆಂಪು ಬಣ್ಣ ಬಳಿದದ್ದೂ ಅವನೇ. ನನ್ನ ಆರು ಪುಟದ ಸೂಚನೆಯಲ್ಲಿ ಈ ಡಬ್ಬಿಯಷ್ಟು ಉಪಯೋಗದ್ದು ಏನೂ ಇಲ್ಲ.

ಸೆಪ್ಟೆಂಬರ್ 20, ಶನಿವಾರ

ಸಿಯೆರಾ ಲಿಯೋನಿನಲ್ಲಿ ನಿನ್ನೆಯಿಂದ ಮೂರು ದಿನ ಯಾರೂ ಮನೆಬಿಟ್ಟು ಹೊರಡುವಂತಿಲ್ಲ. ಮನೆಮನೆಗೂ ಸೋಪು ಹಿಡಿದು ಸ್ವಯಂಸೇವಕರು. ನಮ್ಮ ಇಬ್ಬರೂ ಕ್ಷೇಮ. ಬೋದಲ್ಲಿ ಎಂಎಸ್‌ಎಫ್ (ಗಡಿಗಳಿಲ್ಲದ ವೈದ್ಯರು) ಸಂಸ್ಥೆಯವರ ಎಬೋಲಾ ಕೇಂದ್ರ ಶುರುವಾಗಿದೆಯಂತೆ, ದೊಡ್ಡ ಭಾರ ಇಳಿಯಿತು.

ಹಾವೇರಿ ಹುಡುಗನಿಗೆ ಬೇಜಾರು. ಗದ್ದೆಗೆ ಹೋಗುವಂತಿಲ್ಲ. ಕೊಯ್ಲಿಗೆ ಕೂಡಿ ಕೆಲಸ ಮಾಡುವ ಗುಂಪುಗಳನ್ನು ಸೇರಲು ಬಿಡುತ್ತಿಲ್ಲ. ಭತ್ತ ಉದುರಿಹೋದರೆ ಬರುವ ವರ್ಷ ಹಸಿವು ಎನ್ನುತ್ತಾನೆ. ಅವನು ಹೇಳುವುದು ಸರಿ, ಯೋಜನೆಯಲ್ಲಿ ಅಕ್ಕಿಯ ದಾಸ್ತಾನು ಸೇರಿಸಿದೆ, ತಂಡಕ್ಕಷ್ಟೇ ಅಲ್ಲ, ಸಂಬಳದ ಪಟ್ಟಿಯಲ್ಲಿರುವ ಎಲ್ಲ ಮನೆಗಳಿಗೂ.

ಸಮಿತಿ ಕಡೆಗೂ ಒಪ್ಪಿದ್ದು: ಸ್ಥಳೀಯ ಸಿಬ್ಬಂದಿಗೆ ಶಾಲೆ ಮುಚ್ಚಿದ್ದರೂ ಪೂರ್ತಿ ಸಂಬಳ, ಆರು ತಿಂಗಳದ್ದು ಮುಂಗಡವಾಗಿ ಬ್ಯಾಂಕಿನಲ್ಲಿ. ಯಾರಿಗಾದರೂ ಜ್ವರ ಬಂದು ಮನೆಯಲ್ಲಿ ಕೂತರೆ ಒಂದು ರೂಪಾಯಿಯೂ ಕಡಿತವಿಲ್ಲ. ಕಡಿತವಿದ್ದರೆ ಜ್ವರ ಮುಚ್ಚಿಟ್ಟುಕೊಂಡು ಕೆಲಸಕ್ಕೆ ಬರುತ್ತಾರೆ. ಖಜಾಂಚಿಗಳು ಇದನ್ನು ದಾನವೆಂಬ ಶೀರ್ಷಿಕೆಯಡಿ ಬರೆಯಲು ಹೊರಟಿದ್ದರು. ಸುರಕ್ಷತೆಯ ಖರ್ಚು ಎಂದು ಬರೆಸಿದೆ.

ಅಕ್ಟೋಬರ್ 22, ಬುಧವಾರ

ಮ್ಯಾಡ್ರಿಡ್‌ನಲ್ಲಿ ತೆರೇಸಾ ರೊಮೆರೊ ಗುಣವಾಗಿದ್ದಾರೆ. ಸಿಯೆರಾ ಲಿಯೋನಿನ ಲುನ್ಸಾರ್‌ನಿಂದ ಕರೆತಂದ ಬ್ರದರ್ ಮಾನ್ಯುಯೆಲ್ ಗಾರ್ಸಿಯಾ ವಿಯೆಹೊ ಅವರ ಶುಶ್ರೂಷೆ ಮಾಡಿ ಸೋಂಕು ತಗಲಿದ್ದ ನರ್ಸಿಂಗ್ ಸಹಾಯಕಿ. ಆಕೆಗೆ ಕೊಟ್ಟ ಪ್ಲಾಸ್ಮಾ ಯಾರದು ಎಂದು ಓದಿ ಪೇಪರನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕೂತೆ. ಸಿಸ್ಟರ್ ಪಾಸಿಯೆನ್ಸಿಯಾ! ಆಗಸ್ಟಿನಲ್ಲಿ ವಿಮಾನ ಹತ್ತಿಸದೆ ಮನ್ರೋವಿಯಾದಲ್ಲೇ ಬಿಟ್ಟುಬಂದಿದ್ದರಲ್ಲ, ಅವರೇ. ಅಲ್ಲೇ ಬದುಕಿ ಉಳಿದಿದ್ದರು. ಗಾರ್ಸಿಯಾ ವಿಯೆಹೊ ಅವರಿಗೆ ರಕ್ತ ಕೊಡಲೆಂದು ಸ್ಪೇನಿಗೆ ಕರೆಸಿಕೊಂಡರು. ಆದರೆ ಕೊಡುವ ಮೊದಲೇ ಗಾರ್ಸಿಯಾ ವಿಯೆಹೊ ತೀರಿಕೊಂಡಿದ್ದರು. ರಕ್ತ ತೆರೇಸಾಗೆ ಒದಗಿತು. ರಕ್ತ ಕೇಳಿದಾಗ ಪಾಸಿಯೆನ್ಸಿಯಾ ಪಾಸ್‌ಪೋರ್ಟಿನ ಮಾತೆತ್ತಲಿಲ್ಲ.

ಕಾರ್ಯದರ್ಶಿಗಳಿಗೆ ಕತ್ತರಿಸಿ ಕಳಿಸಿದೆ. "ಪ್ರಸಂಗಕ್ಕೆ ಒಳ್ಳೆಯ ವಿಷಯ," ಎಂದು ಉತ್ತರ ಬಂತು. ಪ್ರಸಂಗಕ್ಕಲ್ಲ ಸ್ವಾಮಿ, ನಾಲ್ಕನೆಯ ಕಲಮಿಗೆ: ನಮ್ಮ ಕೆಲಸದಲ್ಲಿ ಸೋಂಕು ತಗಲಿದ ಯಾರ ಚಿಕಿತ್ಸೆಯೂ, ಯಾವ ದೇಶದವರಾದರೂ, ಒಂದೇ ನಿಧಿಯಿಂದ, ಒಂದೇ ದರ್ಜೆಯಲ್ಲಿ. ಹಾರಿಸಿಕೊಂಡು ಬರುವ ಶಕ್ತಿ ನಮಗೆ ಯಾರಿಗೂ ಇಲ್ಲ, ಹಾಗಾಗಿ ಇಲ್ಲಿ ಸಮಾನತೆ ಅಷ್ಟೇನೂ ಕಷ್ಟವಲ್ಲ!

ಸೋಮವಾರ ನೈಜೀರಿಯಾ ಎಬೋಲಾಮುಕ್ತವಾಯಿತು. 20 ಕೇಸಿಗೇ ನಿಂತಿತು. ಪೋಲಿಯೊಗೆಂದು ಕಟ್ಟಿಟ್ಟಿದ್ದ ವ್ಯವಸ್ಥೆಯನ್ನೇ ತಿರುಗಿಸಿ, ಸಂಪರ್ಕಕ್ಕೆ ಬಂದವರ ಮನೆಮನೆ ಹುಡುಕಿದರು. ರೋಗ ಬರುವ ಮೊದಲೇ ಜನ, ಫೋನು, ಬೈಕು ಸಿದ್ಧವಿದ್ದವು.

ನವೆಂಬರ್ 24, ಸೋಮವಾರ

ದೆಹಲಿ ವಿಮಾನ ನಿಲ್ದಾಣದಲ್ಲಿ ಒಬ್ಬನನ್ನು ತಡೆದು ಇರಿಸಿದ್ದಾರೆ. ಲೈಬೀರಿಯಾದಲ್ಲಿ ಗುಣವಾಗಿ, ಸರ್ಟಿಫಿಕೇಟ್ ಹಿಡಿದು ಬಂದ ನಮ್ಮವನೇ. ರಕ್ತದಲ್ಲಿ ಇಲ್ಲ, ವೀರ್ಯದಲ್ಲಿ ವೈರಸ್ಸಿನ ಗುರುತು. ನರ್ಸ್ ಮರಳುವಾಗ ಏನೇನು ಕೇಳುತ್ತಾರೋ, ಆ ಪುಟವನ್ನು ಇನ್ನೊಮ್ಮೆ ಬರೆಯಬೇಕು. ಸದ್ಯಕ್ಕೆ ಅವಳು ಮರಳುವ ಮಾತಾಡುತ್ತಿಲ್ಲ. ಬೋದಲ್ಲಿ ರಾತ್ರಿ ಸಿಸೇರಿಯನ್ ಇನ್ನೂ ನಡೆಯುತ್ತಿದೆ ಎಂದು ಇವತ್ತೂ ವರದಿ ಬಂತು.

ಮಧ್ಯಾಹ್ನ ಕಾರ್ಯದರ್ಶಿಗಳ ಫೋನ್. ಜನವರಿಯಲ್ಲಿ ಇಬ್ಬರನ್ನು ಮಡಗಾಸ್ಕರಿಗೆ ಕಳಿಸುವ ಯೋಚನೆ. ಅಲ್ಲಿ ಪ್ಲೇಗ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಶುಕ್ರವಾರ ಹೇಳಿದೆ: 119 ಕೇಸು, 40 ಸಾವು. "ಇದೇ ಪ್ಲಾನ್‌ನಲ್ಲಿ ದೇಶದ ಹೆಸರು ಬದಲಾಯಿಸಿದರೆ ಆಗುತ್ತದಲ್ಲ ಡಾಕ್ಟ್ರಮ್ಮ?"

ಆಗುವುದಿಲ್ಲ. ಅದು ಇಲಿಯ ಚಿಗಟದಿಂದ ಬರುವುದು, ಪುಪ್ಪುಸಕ್ಕೆ ಇಳಿದರೆ ಕೆಮ್ಮಿನಿಂದಲೂ ಹರಡುವುದು. ಆದರೆ ಬೇಗ ಹಿಡಿದರೆ ಮಾಮೂಲಿ ಆಂಟಿಬಯಾಟಿಕ್ಕಿಗೆ ಬಗ್ಗುತ್ತದೆ. ಬಕೆಟ್ಟಿಗಿಂತ ಔಷಧಿಯ ದಾಸ್ತಾನು, ಅಕ್ಕಿ ಮೂಟೆ ಎಲ್ಲಿಡುತ್ತಾರೆ, ಮಲಗುವ ಕೋಣೆ ಎಲ್ಲಿದೆ, ಇವನ್ನೆಲ್ಲ ನೋಡಬೇಕು. ಹೊಸದಾಗಿಯೇ ಬರೆಯಬೇಕು.

"ಸರಿ, ಇಬ್ಬರ ಪಾಸ್‌ಪೋರ್ಟ್ ಕಾಪಿ ಈಗಲೇ ಕಳಿಸ್ತೀನಿ," ಎಂದರು.

ಅದು ಆಮೇಲೆ, ಮೊದಲು ಅಲ್ಲಿಯವರ ಸಂಬಳದ ಪಟ್ಟಿ ಕಳಿಸಿ ಎಂದೆ. ಅಲ್ಲಿ ಇನ್ನೂ ಯಾರನ್ನೂ ನೇಮಿಸಿಕೊಂಡಿಲ್ಲವಂತೆ. ಹಾಗಾದರೆ ಇವರಿಗೆ ಅಡುಗೆ ಮಾಡುವವರು, ಗಾಡಿ ಓಡಿಸುವವರು, ಭಾಷೆ ಹೇಳಿಕೊಡುವವರು ಯಾರೆಂದು ಗುರುವಾರದೊಳಗೆ ವಿಚಾರಿಸಿ ತಿಳಿಸುತ್ತಾರೆ.